ಸೀಟಿನ ಕೆಳಗಿನ ದುಂ

ನನ್ನ ವಯಸ್ಸಿನ ಹೆಂಗಸರು ಮಂಡಿನೋವಿನ ಎಣ್ಣೆಯ ಬಗ್ಗೆ ವಿಚಾರಿಸುವ ಕಾಲದಲ್ಲಿ ನಾನು ಕಾರಿನ ಬೇಸ್ ಬಗ್ಗೆ ವಿಚಾರಿಸುತ್ತಿದ್ದೆ. ನನಗೇನೂ ನಾಚಿಕೆ ಇರಲಿಲ್ಲ, ಕೇಳಿಸಿಕೊಂಡವರೇ ನಾಚಿಕೊಳ್ಳುತ್ತಿದ್ದರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳಿಗೆ, ಅದೂ ಇಂದೋ ನಾಳೆಯೋ ಅಜ್ಜಿಯಾಗುವವಳಿಗೆ, ಸ್ಪೀಕರಿನಿಂದ ‘ದುಂ’ ಎನ್ನುವ ಸದ್ದು ಯಾಕೆ ಬೇಕು?

ಬೇಕು. ಪಾಂಡವಪುರದಿಂದ ಕೆ.ಆರ್. ಪೇಟೆಗೆ ದಿನಾ ಕಾರು ಓಡಿಸುವವಳಿಗೆ ಹಾಡೇ ಜೊತೆಗಾರ. ನನ್ನ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ತಾಳ ಕೇಳುತ್ತಿತ್ತು, ಮದ್ದಳೆ ಕೇಳುತ್ತಿರಲಿಲ್ಲ. ಗಾಯಕ ಎಷ್ಟೇ ಎದೆ ಬಿಚ್ಚಿ ಹಾಡಿದರೂ ನೆಗಡಿಯಾದವನಂತೆ ಮೂಗಿನಿಂದಲೇ ಕೇಳಿಸುತ್ತಿದ್ದ. ಒಮ್ಮೆ ಶೀಳನೆರೆ ಹತ್ತಿರ ಸಿಟ್ಟು ಬಂದು ಬೇಸಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ದುಂ ಬರಲಿಲ್ಲ. ಬಾಗಿಲು ಗಡಗಡ ಎಂದಿತು, ಕನ್ನಡಿ ನಡುಗಿತು, ಹಿಂದೆ ಬರುತ್ತಿದ್ದ ಒಂದು ಬಸ್ಸು ಎರಡಾಗಿ ಕಾಣಿಸಿತು. ಎರಡಕ್ಕೂ ದಾರಿ ಬಿಟ್ಟುಕೊಟ್ಟೆ.

ಭಾಷೆಗೆ ಮಹಾಪ್ರಾಣ ಹೇಗೋ ಹಾಡಿಗೆ ಬೇಸ್ ಹಾಗೆ ಎಂಬುದು ನನ್ನ ಸಿದ್ಧಾಂತ. ‘ಭೂಕಂಪ’ ಎಂದರೆ ನೆಲ ನಡುಗಬೇಕು. ‘ಬೂಕಂಪ’ ಎಂದರೆ ಮೇಜಿನ ಮೇಲಿನ ಲೋಟವೂ ಕದಲುವುದಿಲ್ಲ. ಇದನ್ನು ತರಗತಿಯಲ್ಲಿ ಹೇಳಿ ಹೇಳಿ ಸೋತಿದ್ದೇನೆ. ನಮ್ಮ ಸೀಮೆಯವರು ಮಹಾಪ್ರಾಣವಿರಲಿ, ಹಕಾರವನ್ನೇ ಉಳಿಸಿಕೊಂಡವರಲ್ಲ. ಹಾಲು ‘ಆಲು’, ಹಾವು ‘ಆವು’. ಹೀಗೆ ಮಿಗಿಸಿದ ಉಸಿರನ್ನೆಲ್ಲ ಕೂಗುವುದಕ್ಕೆ ಬಳಸುತ್ತಾರೆಂದು ಕಾಣುತ್ತದೆ.

ನಮ್ಮ ಅತ್ತೆಯ ದನಿಯಂತೂ ಬೀದಿಯ ಕೊನೆಗೆ ಕೇಳುತ್ತದೆ. ಆದರೆ ಅವರು ನನ್ನ ಜೊತೆ ಮಾತು ಬಿಟ್ಟು ಬಹಳ ದಿನವಾಗಿತ್ತು. ನೆಂಟರೆದುರು ಅವರ ಸೊಪ್ಪಿನ ಸಾರಿಗೆ ಹುಳಿ ತುಸು ಮುಂದಾಯಿತು ಎಂದುಬಿಟ್ಟಿದ್ದೆ. ಅಂದಿನಿಂದ ಏನಿದ್ದರೂ ನಮ್ಮ ಯಜಮಾನರಾದ ಶಿವಣ್ಣನವರ ಮುಖಾಂತರ. ನಾನು ಎದುರಿಗೇ ಕೂತಿದ್ದರೂ “ಲೋ ಸಿವ, ಕಾಪಿ ಕುಡಿದಾಳಾ ಕೇಳ್ಲಾ” ಎನ್ನುವರು. ಯಜಮಾನರು ನನ್ನತ್ತ ತಿರುಗಿ “ಕಾಫಿ ಕುಡಿತೀಯಾ?” ಎನ್ನುವರು. “ಕುಡಿತೀನಿ ಅಂತ ಹೇಳಿ” ಎನ್ನುವೆ ನಾನು. ಅಷ್ಟರಲ್ಲಿ ಕಾಫಿ ಆರಿರುತ್ತಿತ್ತು.

ಕೊನೆಗೆ ಕಾರನ್ನು ಶ್ರೀರಂಗಪಟ್ಟಣದಲ್ಲಿ ಕಾರಿಗೆ ಸ್ಪೀಕರ್ ಕೂರಿಸುವ ನಯಾಜ್ ಭಾಯ್ ಅಂಗಡಿಗೆ ಒಯ್ದೆ. ಅವರು ಬಾಗಿಲನ್ನು ಬೆರಳಿನಿಂದ ತಟ್ಟಿ, ಕಲ್ಲಂಗಡಿ ನೋಡುವವರಂತೆ ಕಿವಿಗೊಟ್ಟರು.

“ಬಾಗ್ಲು ಖಾಲಿ ಡಬ್ಬಾ ಮೇಡಂ. ಅದ್ಕೇ ಗಡಗಡ ಅಂತದೆ. ಅದ್ರ ಮೇಲೆ ಒಂದು ಸ್ಪೀಕರ್‌ಗೆ ವೈರು ಉಲ್ಟಾ ಕೊಟ್ಟವ್ರೆ. ಒಂದು ಮುಂದಕ್ಕೆ ತಳ್ಳಿದ್ರೆ ಇನ್ನೊಂದು ಹಿಂದಕ್ಕೆ ಎಳೀತದೆ. ಇಬ್ಬರ ಮಧ್ಯ ಸಿಕ್ಕೊಂಡು ಬೇಸ್ ಖತಂ!”

ನಮ್ಮ ಮನೆಯ ವಿಷಯ ಇವರಿಗೆ ಯಾರು ಹೇಳಿದರೆಂದು ಒಂದು ಕ್ಷಣ ಗಾಬರಿಯಾಯಿತು.

ವೈರು ಸರಿಮಾಡಿ, ಬಾಗಿಲೊಳಗೆ ದಪ್ಪ ಹಾಳೆ ಅಂಟಿಸಿ, ಇನ್ನು ಡಿಕ್ಕಿಗೊಂದು ದೊಡ್ಡ ಬೇಸ್ ಪೆಟ್ಟಿಗೆ ಇಡೋಣ ಎಂದರು. ಡಿಕ್ಕಿಯಲ್ಲಿ ನಮ್ಮ ಯಜಮಾನರ ಹಸುಗಳ ಹಿಂಡಿ ಚೀಲವಿತ್ತು. ಹಸು ಮುಖ್ಯವೋ ದುಂ ಮುಖ್ಯವೋ ಎಂದು ಮನೆಯಲ್ಲಿ ಕೇಳುವಂತಿರಲಿಲ್ಲ, ಉತ್ತರ ಗೊತ್ತಿತ್ತು. ಹಾಗಾಗಿ ಚಪ್ಪಟೆಯಾದ ಚಿಕ್ಕ ಪೆಟ್ಟಿಗೆಯೊಂದು ನನ್ನ ಪಕ್ಕದ ಸೀಟಿನ ಕೆಳಗೆ ಸೇರಿತು.

ಮಾರನೆಯ ಬೆಳಿಗ್ಗೆ ನಾಗಮಂಗಲದಿಂದ ಫೋನು ಬಂತು: ಅತ್ತೆಯ ಅಕ್ಕ ಬಚ್ಚಲಲ್ಲಿ ಜಾರಿಬಿದ್ದಿದ್ದಾರೆ. ಯಜಮಾನರು ಹಸು ನೋಡಲು ಪಾಲಹಳ್ಳಿಗೆ ಹೋಗಿದ್ದರು. ಅತ್ತೆ ಸೀರೆ ಬದಲಿಸಿ ಅಂಗಳಕ್ಕೆ ಬಂದವರು, ಮಾತು ದಾಟಿಸಲು ಮಗನಿಲ್ಲದೆ, ತುಳಸಿ ಗಿಡದ ಕಡೆ ತಿರುಗಿದರು.

“ಬಸ್ಸು ಓಯ್ತು. ಯಾರಾರ ಬುಟ್ಬುಟ್ಟು ಬಂದಿದ್ರೆ ಆಗೋದು.”

“ನಾನು ಬಿಟ್ಟುಬರ್ತೀನಿ,” ಎಂದು ನಾನೂ ತುಳಸಿಗೇ ಹೇಳಿದೆ.

ಅವರು ಮುಂದಿನ ಸೀಟಿನಲ್ಲಿ ಕೂತು ಸೆರಗಿನ ತುದಿಯನ್ನು ಹಿಂಡುತ್ತಿದ್ದರು. ಅಕ್ಕನ ಚಿಂತೆ ಎಂದು ಗೊತ್ತಿತ್ತು. ಮಾತು ದಾಟಿಸಲು ಕಾರಿನಲ್ಲಿ ತುಳಸಿಯೂ ಇರಲಿಲ್ಲ. ಜಕ್ಕನಹಳ್ಳಿ ದಾಟುವಷ್ಟರಲ್ಲಿ ತಡೆಯಲಾಗದೆ ಹಾಡು ಹಾಕಿದೆ.

ದುಂ!

“ಅಯ್ಯಯ್ಯಪ್ಪೋ! ನಿಲ್ಸಮ್ಮಿ, ನಿಲ್ಸು! ಕೆಳುಗಡೆ ಯಾವ್ದೋ ಸೇರ್ಕೊಂಡದೆ! ಒದೀತಾದೆ ಕಣಮ್ಮಿ!”

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಅತ್ತೆ ನನ್ನ ಜೊತೆಗೇ ಮಾತಾಡಿದ್ದಾರೆಂದು ಆಗ ಹೊಳೆಯಿತು. ಅವರಿಗೂ ಹೊಳೆದಿರಬೇಕು, ಆದರೆ ಪ್ರಾಣಭಯದಲ್ಲಿ ಅದನ್ನೆಲ್ಲ ನೋಡುವಂತಿರಲಿಲ್ಲ.

“ಅದು ಹಾಡಿನ ಡಬ್ಬ ಅತ್ತೆ. ದುಂ ಅನ್ನೋದು ಅದರೊಳಗಿಂದ ಬರುತ್ತೆ.”

“ಕಚ್ಚಕಿಲ್ವಾ?”

“ಇಲ್ಲ.”

ಬಗ್ಗಿ ನೋಡಿದರು. ಆಮೇಲೆ ಸೀಟಿಗೆ ಒರಗಿ, “ಅಂಗಾರೆ ಇನ್ನೊಂದ್ ಕಿತ ಆಕು” ಎಂದರು.

ಹಾಕಿದೆ. ಅತ್ತೆ ಕಣ್ಣು ಮುಚ್ಚಿಕೊಂಡರು. “ಅದೇ ಜಾಗ ಕಣಮ್ಮಿ. ಸೊಂಟದಲ್ಲಿ ನೋವು ಇಡ್ಕೊಂಡಿರೋ ಜಾಗಕ್ಕೇ ಗುದ್ತಾದೆ. ಎಣ್ಣೆ ಉಜ್ಜುದ್ರೂ ಅಲ್ಲೀಗಂಟ ಓಯ್ತಿರ್ನಿಲ್ಲ.” ಸ್ವಲ್ಪ ದೂರ ಹೋದ ಮೇಲೆ, ಕಣ್ಣು ತೆರೆಯದೆಯೇ, “ಅಕ್ಕುಂಗೆ ಏನೂ ಆಗಿರಕಿಲ್ಲ, ಅಲ್ವಾ?” ಎಂದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಹಾಡನ್ನು ತಗ್ಗಿಸಬೇಕಾಯಿತು.

“ಏನೂ ಆಗಿರಲ್ಲ ಅತ್ತೆ,” ಎಂದೆ.

ಏನೂ ಆಗಿರಲಿಲ್ಲ. ದೊಡ್ಡತ್ತೆ ಕಾಲು ಉಳುಕಿಸಿಕೊಂಡು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಅತ್ತೆ ಅವರನ್ನು ಅಪ್ಪಿಕೊಂಡು ಅತ್ತು, ಅಳು ಮುಗಿದ ಮೇಲೆ, “ಬಾರಕ್ಕ, ನಮ್ ಕಾರಲ್ಲಿ ಒಂದ್ ಗಳಿಗೆ ಕೂತ್ಕೋ, ಸೊಂಟಕ್ಕೆ ಒಳ್ಳೇದು” ಎಂದು ಕುಂಟಿಸಿಕೊಂಡೇ ಕರೆತಂದರು. ದೊಡ್ಡತ್ತೆಯ ಹಿಂದೆ ಪಕ್ಕದ ಮನೆಯವರು, ಅವರ ಹಿಂದೆ ಎದುರು ಮನೆಯವರು. ನಾಗಮಂಗಲದ ಆ ಬೀದಿಯ ಸೊಂಟಗಳೆಲ್ಲ ಸರದಿಯಲ್ಲಿ ನಿಂತವು. ಯಾವ ಹಾಡು ಎಂದು ಒಬ್ಬರೂ ಕೇಳಲಿಲ್ಲ. “ಆಡು ಸಣ್ಣಕ್ ಮಾಡವ್ವ, ಗುದ್ದದು ಜಾಸ್ತಿ ಮಾಡು,” ಎಂದರು.

ಈಗ ಭಾನುವಾರವಾದರೆ ಅತ್ತೆ ಕಾರಿನ ಬಳಿ ನಿಂತಿರುತ್ತಾರೆ. ನನ್ನ ಡ್ರೈವಿಂಗಿನ ಬಗ್ಗೆ, ನನ್ನ ಸೀರೆಯ ಬಗ್ಗೆ, ನನ್ನ ತವರಿನ ಬಗ್ಗೆ, ಇಷ್ಟು ದಿನ ಕೂಡಿಟ್ಟಿದ್ದನ್ನೆಲ್ಲ ನೇರವಾಗಿ ನನಗೇ ಹೇಳುತ್ತಾರೆ. ನಾನೂ ನೇರವಾಗಿಯೇ ಉತ್ತರ ಕೊಡುತ್ತೇನೆ. ನಮ್ಮ ಯಜಮಾನರು ಕೊಟ್ಟಿಗೆಯಲ್ಲಿ ಹಸುಗಳ ಜೊತೆ ಹೆಚ್ಚು ಹೊತ್ತು ಕಳೆಯುತ್ತಿದ್ದಾರೆ.

ಒಂದೇ ಕೊರತೆ. ಗುದ್ದೆಲ್ಲ ಪಕ್ಕದ ಸೀಟಿಗೇ ಹೋಗಿ, ಸ್ಟೇರಿಂಗ್ ಹಿಡಿದ ನನಗೆ ದುಂ ಅರ್ಧವಷ್ಟೇ ಸಿಗುತ್ತದೆ. ಮೊನ್ನೆ ನಯಾಜ್ ಭಾಯ್ ಬಳಿ ಹೋಗಿ, ಪೆಟ್ಟಿಗೆಯನ್ನು ನನ್ನ ಸೀಟಿನ ಕೆಳಗೆ ಹಾಕಲಾದೀತೇ ಎಂದೆ. ಅವರು ಸ್ಕ್ರೂಡ್ರೈವರ್ ತೆಗೆದುಕೊಂಡು ಎದ್ದೇಬಿಟ್ಟರು.

“ಬೇಡ, ಬಿಡಿ ಭಾಯ್,” ಎಂದೆ. “ಅಲ್ಲೇ ಇರಲಿ. ಅಲ್ಲಿ ಕೂತವರು ನನ್ನ ಹತ್ತಿರ ಮಾತಾಡ್ತಾರೆ.”

ಅವರಿಗೆ ಅರ್ಥವಾಗಲಿಲ್ಲ, ಆದರೆ ವ್ಯಾಪಾರಸ್ಥರು. “ಹಂಗಾದ್ರೆ ಹಿಂದಿನ ಸೀಟ್ಗೂ ಒಂದು ಹಾಕ್ಸಿಬುಡಿ ಮೇಡಂ.”

ನಕ್ಕು ಕಾರು ಹತ್ತಿದೆ. ಆದರೆ ಮನೆ ಮುಟ್ಟುವವರೆಗೂ ಅದೇ ಯೋಚನೆ. ನನ್ನ ಜೊತೆ ಮಾತು ಬಿಟ್ಟ ನಾದಿನಿಯೊಬ್ಬಳಿದ್ದಾಳೆ. ನಮ್ಮ ಪ್ರಿನ್ಸಿಪಾಲರಿದ್ದಾರೆ. ಒತ್ತರಿಸಿಕೊಂಡರೆ ಹಿಂದೆ ಮೂವರು ಕೂರಬಹುದು.