ಚುಕ್ಕಿ ಏಳುವ ಯಂತ್ರವೋ, ಮಾತಾಡುವ ಯಂತ್ರವೋ

ವಾಡಿಯ ನಮ್ಮ ಮನೆಗೆ ಆ ವಾರ ಎರಡು ಯಂತ್ರಗಳು ಬಂದಿದ್ದವು. ಕಣ್ಣು ಕಾಣದ ನನ್ನ ಮಗಳು ಬಿ.ಎಡ್. ಓದುತ್ತಿದ್ದಳು. ಅಂಥ ಮಕ್ಕಳಿಗೆ ಬರೆದುಕೊಳ್ಳಲು, ಓದಿಕೊಳ್ಳಲು ಯಂತ್ರ ಕೊಡುವವರು ಸೇಡಂನಲ್ಲಿ ಶಿಬಿರ ಮಾಡಿದ್ದರು. ಎರಡನ್ನೂ ಮನೆಗೆ ಒಯ್ದು ನೋಡಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತಂದುಕೊಡಿ ಅಂದಿದ್ದರು. ಒಮ್ಮೆ ಆರಿಸಿದ ಮೇಲೆ ಬದಲಾಯಿಸುವ ಹಾಗಿಲ್ಲ ಎಂದೂ ಒತ್ತಿ ಹೇಳಿದ್ದರು. ಆ ಮಾತೇ ನನ್ನ ಎದೆಯ ಮೇಲೆ ಕೂತಿತ್ತು.

ಒಂದು ಅಂಗೈಯಗಲದ್ದು. ಬರೆದಿಟ್ಟದ್ದನ್ನು ಗುಂಡಿ ಒತ್ತಿದರೆ ಓದಿ ಹೇಳುತ್ತಿತ್ತು, ಕಿವಿಗೆ ಸಿಕ್ಕಿಸಿಕೊಂಡು ಕೇಳಲು ತಂತಿಯೂ ಇತ್ತು. ಇನ್ನೊಂದು ದೊಡ್ಡ ಪುಸ್ತಕದಷ್ಟು ಅಗಲ. ಅದರ ಮುಂದಿನ ಅಂಚಿನಲ್ಲಿ ಸಾಲಾಗಿ ತೂತುಗಳು, ಆ ತೂತುಗಳಿಂದ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಏಳುತ್ತಿದ್ದವು, ಬೀಳುತ್ತಿದ್ದವು. ಅವೇ ಬ್ರೈಲ್ ಅಕ್ಷರ. ಒಂದು ಸಾಲನ್ನು ಬೆರಳಾಡಿಸಿ ಓದಿ ಮುಗಿಸಿ ಗುಂಡಿ ಒತ್ತಿದರೆ ಮುಂದಿನ ಸಾಲು ಏಳುತ್ತಿತ್ತು.

ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ಅವಳು ಪಾಠ ಮಾಡಿ ತೋರಿಸುವ ದಿನ ಹತ್ತಿರ ಬಂದಿತ್ತು. ಕಾಲೇಜಿನ ಮೇಡಂ ಹಿಂದೆ ಕೂತು ನೋಡುವವರಿದ್ದರು. ಕಣ್ಣಿಲ್ಲದಾಕೆ ತರಗತಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುತ್ತಾಳೋ ಇಲ್ಲವೋ ಎಂಬ ಅನುಮಾನ ಅವರಿಗಿತ್ತು, ಅದನ್ನು ಬಾಯಿಬಿಟ್ಟೇ ಹೇಳಿದ್ದರು. ಅಂದು ತಪ್ಪಿದರೆ ಟೀಚರ್ ಆಗುವ ಆಸೆ ಅಲ್ಲಿಗೇ ನಿಲ್ಲುತ್ತಿತ್ತು.

ಯಜಮಾನರು ಮಾತಾಡುವುದನ್ನೇ ತಗೊಳ್ಳಲಿ ಅಂದರು. ಹಗುರ, ಜೇಬಿನಲ್ಲಿ ಹಿಡಿಯುತ್ತದೆ. ನಮ್ಮತ್ತೆಗೆ ಮಾತ್ರ ಅದು ಹಿಡಿಸಲಿಲ್ಲ. ಈ ಮನೆಯಲ್ಲಿ ಬಿಡುವಿಲ್ಲದೆ ಮಾತಾಡಲು ತಾನೊಬ್ಬಳೇ ಸಾಕು ಅಂತ ತಾವೇ ಹೇಳಿ ತಾವೇ ನಕ್ಕರು. ನಾನು ನಗಲಿಲ್ಲ. ನನ್ನ ಮನಸ್ಸೂ ಮಾತಾಡುವ ಯಂತ್ರದ ಕಡೆಗೇ ಇತ್ತು. ನಮ್ಮೂರು ಸಿಮೆಂಟು ಕಾರ್ಖಾನೆಯ ಊರು. ಮುಂಜಾನೆ ಒರೆಸಿದ ಕಪಾಟು ಸಂಜೆಗೆ ಮತ್ತೆ ಬೂದಿ ಬಣ್ಣ. ಆ ಸಣ್ಣ ತೂತುಗಳು ಇಲ್ಲಿ ಎಷ್ಟು ದಿನ ಬಾಳುತ್ತವೆ? ಮಗಳು ಮಾತ್ರ ಏನೂ ಹೇಳದೆ ಎರಡನ್ನೂ ಸರದಿಯಂತೆ ತೊಡೆಯ ಮೇಲಿಟ್ಟುಕೊಂಡು ಪಾಠ ಬರೆಯುತ್ತಿದ್ದಳು.

ಸೋಮವಾರ ಬಂತು. ನಮ್ಮ ಮನೆಗೆ ಹೊಸದೇನು ಬಂದರೂ, ಸೈಕಲ್ಲಾಗಲಿ ಮಿಕ್ಸರಾಗಲಿ, ಮೊದಲ ಸೋಮವಾರ ಅದಕ್ಕೆ ವಿಭೂತಿ ಹಚ್ಚುವುದು ರೂಢಿ. ನಾನು ನೀರು ಹಿಡಿಯಲು ಹೋದಾಗ ಅತ್ತೆ ಜಳಕ ಮಾಡಿ ಬಂದು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ನೆನೆಸಿ, ಎರಡೂ ಯಂತ್ರಕ್ಕೆ ಮೂರು ಬೆರಳಿನಿಂದ ಎಳೆದುಬಿಟ್ಟಿದ್ದರು. ಮಾತಾಡುವ ಡಬ್ಬಿ ಒರೆಸಿದ ಮೇಲೆ ಸ್ವಚ್ಛವಾಯಿತು. ಇನ್ನೊಂದರಲ್ಲಿ ಹಸಿ ವಿಭೂತಿ ಸಾಲಿನ ಬಲತುದಿಯ ತೂತುಗಳೊಳಗೆ ಇಳಿದಿತ್ತು.

ಮಗಳು ಓದಲು ಕೂತವಳು ಸಾಲಿನ ಕೊನೆಗೆ ಬಂದು ನಿಂತಳು. ಬೆರಳನ್ನು ಹಿಂದೆ ತಂದಳು, ಮತ್ತೆ ಹೋದಳು.

"ಯವ್ವಾ, ಇಲ್ಲಿ ಏನೋ ಕಚ್ಚಿ ಕುಂತದ. ಚುಕ್ಕಿ ಕೆಳಗ ಇಳೀವಲ್ದು."

ಬಗ್ಗಿ ನೋಡಿದೆ. ಬಿಳಿ ಪುಡಿ ಒಣಗಿ ಹೆಪ್ಪುಗಟ್ಟಿತ್ತು. ಅತ್ತೆ ಬಾಗಿಲಲ್ಲೇ ನಿಂತು, "ದೇವರ ವಿಭೂತಿ ಅದು, ಕೆಡಸ್ತದೇನು?" ಅಂದರು. ಸೆರಗಿನಿಂದ ಬೆರಳು ಒರೆಸಿಕೊಂಡರು.

"ದೇವರು ಕೆಡಸಂಗಿಲ್ಲ ಆಯಿ, ನೀರು ಕೆಡಸ್ತದ," ಅಂದಳು ಮಗಳು. ಅಷ್ಟೇ. ಒಂದು ಬಿರುಸು ಮಾತು ಹೆಚ್ಚಿಗೆ ಆಡಲಿಲ್ಲ. ಅದೊಂದು ದೇವರ ದಯೆ ಅಂತ ನಾನು ಎಣಿಸಿಕೊಂಡೆ. ಆದರೆ ಅವಳ ಬೆರಳುಗಳು ಯಂತ್ರದ ಅಂಚನ್ನು ಬಿಡದೆ ಹಿಡಿದಿದ್ದವು.

ಮರುದಿನ ರೈಲಿನಲ್ಲಿ ಸೇಡಂಗೆ ಹೊರಟೆವು. ಎರಡೂ ಯಂತ್ರ ಅವಳ ಮಡಿಲಲ್ಲಿ. ಕೆಟ್ಟಿದೆ ಎಂದು ಅವರು ಏನೂ ಕೊಡದೆ ಕಳಿಸಿದರೆ ಎಂಬ ಭಯ ನನಗೆ. ಚಿತ್ತಾಪುರ ದಾಟಿದ ಮೇಲೆ ತಡೆಯಲಾರದೆ ಹೇಳಿಯೇ ಬಿಟ್ಟೆ. ಮನೆಗೆ ಬಂದು ವಾರ ಆಗಿಲ್ಲ, ಆಗಲೇ ಹೀಗಾಗಿದೆ, ಮಾತಾಡುವುದನ್ನೇ ತಗೋ ಅಂದೆ. ಅವಳು ಮುಖವನ್ನು ಕಿಟಕಿಯ ಗಾಳಿಗೆ ಕೊಟ್ಟು ಕೂತಳು. ಮಳಖೇಡ ಬಂತು, ಹೋಯಿತು. 

ಶಿಬಿರದಲ್ಲಿದ್ದ ಸರ್ ವಯಸ್ಸಿನಲ್ಲಿ ಸಣ್ಣವರು. ವಿಷಯ ಕೇಳಿ ಸಿಟ್ಟಾಗಲಿಲ್ಲ, ಆದರೆ ನಗಲೂ ಇಲ್ಲ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದೇ ತೂತನ್ನು ಒರೆಸಿದರು. ಚುಕ್ಕಿಗಳು ಒಂದೊಂದಾಗಿ ಬಿಟ್ಟುಕೊಂಡವು. ಕೊನೆಯ ಅಕ್ಷರದ ಒಂದು ಚುಕ್ಕಿ ಮಾತ್ರ ಎದ್ದೇ ಇತ್ತು. ಅವರು ಹತ್ತಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಅಮ್ಮಾರ, ನಿಮ್ಮ ಕಡಿ ಧೂಳು ಭಾಳ. ಇದು ಕೈ ಕೊಟ್ರ ರಿಪೇರಿಗೆ ದೂರ ಕಳಸಬೇಕಾಗ್ತದ. ಮಾತಾಡೋದು ನಿಮ್ಮ ಹುಡುಗಿ ಹೆಸರಿಗೆ ಬರಕೊಳ್ಳಲಿ?"

ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಹೂಂ ಅನ್ನಲು ಬಾಯಿ ತೆರೆದೆ. ಪಕ್ಕದಲ್ಲೇ ಕೂತಿದ್ದ ಮಗಳನ್ನು ಬಿಟ್ಟು ಅವರು ನನ್ನನ್ನು ಕೇಳಿದ್ದರು. ಬಸ್ಸಿನಲ್ಲಿ, ಅಂಗಡಿಯಲ್ಲಿ, ದವಾಖಾನೆಯಲ್ಲಿ ಎಲ್ಲರೂ ಹೀಗೇ ನನ್ನನ್ನು ಕೇಳುತ್ತಾರೆ. ಅವಳು ತಲೆ ತಗ್ಗಿಸಿ ಕಾಯುತ್ತಿದ್ದಳು.

"ಅಕಿಗೆ ಕೇಳ್ರಿ," ಅಂದೆ. "ಬಳಸಾಕಿ ಅಕಿ."

ಅವಳು ತಲೆ ಎತ್ತಿದಳು. "ಸರ್, ಮಾತಾಡೋದನ್ನ ಕಿವಿಗೆ ಹಾಕ್ಕೊಂಡು ಪಾಠ ಮಾಡಿ ನೋಡೀನಿ. ಮನ್ಯಾಗ ನಮ್ಮ ಆಯಿ ಕರದದ್ದೂ ಕೇಳಲಿಲ್ಲ. ಕ್ಲಾಸಿನಾಗ ಹುಡುಗರ್ನ ನಾ ಕಿವೀಲೇ ನೋಡಬೇಕು. ಕಿವಿ ಇದಕ್ಕ ಕೊಟ್ರ ಅವರ್ನ ಯಾತರಲೇ ನೋಡಲಿ?"

ಆಕೆ ಅಷ್ಟು ದಿನ ಸುಮ್ಮನಿದ್ದು ಏನು ತೂಗಿ ನೋಡುತ್ತಿದ್ದಳು ಎಂದು ನನಗೆ ಆಗ ತಿಳಿಯಿತು. ಸರ್ ಚುಕ್ಕಿ ಯಂತ್ರವನ್ನೇ ಅವಳ ಹೆಸರಿಗೆ ಬರೆದುಕೊಂಡರು. ನಿಂತ ಚುಕ್ಕಿಯನ್ನು ಆಮೇಲೆ ರಿಪೇರಿ ಮಾಡಿಸೋಣ, ಪಾಠ ಮುಗಿಯುವ ತನಕ ಹೀಗೇ ನಡೆಸು ಎಂದರು.

ಪಾಠದ ದಿನ ನಾನು ಶಾಲೆಯ ವರಾಂಡದಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಒಳಗೆ ಅವಳ ದನಿ, ಭೀಮಾ ನದಿಯ ಪಾಠ. ಒಂದು ಕಡೆ ದನಿ ತಟ್ಟನೆ ನಿಂತಿತು. ಮೇಡಂ ಕುರ್ಚಿ ಸರಿಸಿದ್ದು ಕೇಳಿಸಿತು. ಸನ್ನತಿಯ ದೇವಿ ಚಂದ್ರಲಾಂಬೆಯನ್ನು ನೆನೆದು ಸೆರಗು ಬಿಗಿಹಿಡಿದೆ. ಎದ್ದು ನಿಂತ ಆ ಒಂದು ಚುಕ್ಕಿ ಅವಳನ್ನು ತಪ್ಪಿಸಿತೇ? ಆಗ ನನಗೂ ಕೇಳಿಸಿತು, ಮಕ್ಕಳಲ್ಲಿ ಯಾರೋ ಪಿಸುಗುಟ್ಟುತ್ತಿದ್ದರು.

"ಕಿಟಕಿ ಕಡಿ ಕುಂತ ಇಬ್ಬರೂ, ನಿಮ್ಮ ಮಾತು ಮುಗೀಲಿ, ಆಮ್ಯಾಲ ನಾ ಶುರು ಮಾಡ್ತೀನಿ," ಅಂದಳು ನನ್ನ ಮಗಳು.

ಕ್ಲಾಸು ನಕ್ಕಿತು, ಆಮೇಲೆ ಗಪ್ಪಾಯಿತು. ಅವಳು ನಿಲ್ಲಿಸಿದ ಸಾಲಿನಿಂದಲೇ ಮತ್ತೆ ಓದಲು ಹಿಡಿದಳು.