ಆಲೆಮನೆಗೆ ಹಿಡಿದ ಗ್ರಹಣ

ನಾನು ಓದು ನಿಲ್ಲಿಸಿದ್ದು ಎಂಬತ್ತೇಳನೇ ಇಸವಿಯಲ್ಲಿ, ಏಳನೇ ತರಗತಿಗೆ. ಅದಕ್ಕೆ ಯಾರೂ ಅಯ್ಯೋ ಅನ್ನಬೇಕಾಗಿಲ್ಲ. ಚಿಕ್ಕರಸಿನಕೆರೆ ಹತ್ತಿರ, ಮನೆ ಪಕ್ಕದಲ್ಲೇ, ನನ್ನ ಸ್ವಂತ ಆಲೆಮನೆ ಇದೆ. ನನ್ನ ಬೆಲ್ಲವನ್ನು ಮದ್ದೂರು, ಮಂಡ್ಯದವರು ಕೇಳಿ ಕೊಂಡೊಯ್ಯುತ್ತಾರೆ.

ಮಗಳು ನಕ್ಷತ್ರಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಹೋದ ವರ್ಷ ದುರ್ಬೀನು, ಕ್ಯಾಮೆರಾ ಹೊತ್ತು ಊರಿಗೆ ಬಂದಳು. ಒಳ್ಳೇ ಪ್ರಕಾಶದ ಒಂದು ನಕ್ಷತ್ರ, ತನ್ನ ಸುತ್ತ ತಾನೇ ಬಲು ಬಿರುಸಾಗಿ ತಿರುಗುತ್ತದಂತೆ. ಅದಕ್ಕೆ ಅಂಟಿಕೊಂಡಂತೆ ಸುತ್ತುವ, ಕಾದು ಕೆಂಡವಾದ ದೊಡ್ಡ ಗ್ರಹವೊಂದು ಇರಬೇಕೆಂದು ಅವಳ ತಂಡದ ಅನುಮಾನ. ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಚೂರು ತಗ್ಗುತ್ತದೆ. ಆ ಸಂಜೆ ಕತ್ತಲಾಗುತ್ತಲೇ ಅಡ್ಡ ಬರುವುದಿತ್ತು. ಅಳೆಯುವ ಸರದಿ ಇವಳದು. ತಪ್ಪಿದರೆ ಆ ನಕ್ಷತ್ರ ಸೂರ್ಯನ ಬೆಳಕಿಗೆ ಮರೆಯಾಗಿ ತಿಂಗಳುಗಟ್ಟಲೆ ಸಿಗದು.

“ಅಪ್ಪಾ, ಇವತ್ತೊಂದು ಸಂಜೆ ಒಲೆ ಹಚ್ಚಬೇಡ. ಹೊಗೆ ಅಡ್ಡ ಬಂದ್ರೆ ನಂಗೇನೂ ಸಿಕ್ಕಲ್ಲ.”

“ಕಬ್ಬಿನಾಲು ತೊಟ್ಟಿ ತುಂಬ ಅದೆ ಕಣಮ್ಮ. ಬೆಳಗಾದ್ರೆ ಉಳಿ ಬತ್ತದೆ. ನಿನ್ ಚುಕ್ಕಿ ಬೆಲ್ಲ ಕೊಟ್ಟಾತಾ?”

ದುರ್ಬೀನು ಎತ್ತಿಕೊಂಡು ಮನೆಯ ತಾರಸಿ ಹತ್ತಿದಳು.

ದೀಪ ಹಚ್ಚುವ ಹೊತ್ತಿಗೆ ಆಲೆಮನೆಗೆ ಹೋದರೆ ಒಲೆ ತಣ್ಣಗಿದೆ. ತೊಟ್ಟಿಯ ಹಾಲಿನ ಮೇಲೆ ದರ್ಭೆ ತೇಲುತ್ತಿದೆ. ಆಳುಗಳು ಕಬ್ಬಿನ ಸಿಪ್ಪೆ ಗುಡ್ಡೆಯ ಮೇಲೆ ಕೂತಿದ್ದಾರೆ.

“ಏನ್ಲಾ ಇದು?” ಉರಿ ಹಾಕುವವನನ್ನು ಕೇಳಿದೆ.

“ಗ್ರಾಣ ಕಣಣ್ಣ. ಬೆಳಿಗ್ಗೆ ನೀನೇ ಅಂದ್ಯಲ್ಲಾ, ಮಗಳ ಚುಕ್ಕಿಗೆ ಗ್ರಾಣ ಇಡೀತದೆ ಅಂತ?”

ಜಂಬಕ್ಕೆ ಹಾಗೆ ಹೇಳಿದ್ದು ನಿಜ. “ಅದು ಸೂರ್ಯ ಅಲ್ಲ, ಚಂದ್ರ ಅಲ್ಲ, ಎಲ್ಲೋ ಇರೋ ಚುಕ್ಕಿ ಕಣ್ಲಾ!”

“ಎಲ್ಲಿದ್ರೇನು? ಬುಡೋಗಂಟ ನಾವ್ ಒಲೆ ಮುಟ್ಟಲ್ಲ. ಬೇಕಾದ್ರೆ ನೀನೇ ಅಚ್ಕೋ.”

ಸಿಟ್ಟಿಗೆ ನಾನೇ ಸಿಪ್ಪೆ ಬಾಚಿ ಒಲೆಗೆ ತುಂಬಿದೆ. ಬೆಂಕಿಪೊಟ್ಟಣ ತೆಗೆದು ತಾರಸಿ ಕಡೆ ನೋಡಿದೆ. ಅವಳು ಈ ಕಡೆ ತಿರುಗಲೂ ಇಲ್ಲ. ಎರಡನೇ ಸಲ ಕೇಳುವ ಪೈಕಿಯವಳಲ್ಲ. ಅದು ನನ್ನದೇ ಬುದ್ಧಿ. ಪೊಟ್ಟಣ ಜೇಬಿಗೆ ಹಾಕಿ ನಾನೂ ಗುಡ್ಡೆಯ ಮೇಲೆ ಕೂತೆ.

“ಬುಡ್ತೇನವ್ವಾ?” ಉರಿ ಹಾಕುವವನು ಆಗಾಗ ಕೂಗುತ್ತಿದ್ದ.

“ಇನ್ನೂ ನಡುವೆ ಅದೆ ಕಣಣ್ಣ!” ಮೇಲಿನಿಂದ ನಗು ಬಂತು.

ಮುಗಿದ ಮೇಲೆ ಇಳಿದು ಬಂದು ಕಂಪ್ಯೂಟರ್ ತೋರಿಸಿದಳು. ಅಳೆದ ಬೆಳಕನ್ನು ಗುರುತಿಸಿದ ಚುಕ್ಕಿಗಳ ಸಾಲು, ಒದ್ದೆ ಬಟ್ಟೆ ಹಾಕಿದ ಹಗ್ಗದ ಹಾಗೆ ನಡುವೆ ಜಗ್ಗಿತ್ತು.

ಹಾಲು ಹುಳಿಯಾಯಿತು, ಚೆಲ್ಲಿದೆವು. ಬೇರೆ ದೇಶದವರ ಅಳತೆಯೂ ಇವಳದಕ್ಕೆ ಕೂಡಿಬಂದು, ಅದು ಗ್ರಹವೇ ಎಂದು ಈ ವರ್ಷ ಖಾತ್ರಿಯಾಯಿತು. ಕಂಡುಹಿಡಿದವರ ಸಾಲಿನಲ್ಲಿ ಅವಳ ಹೆಸರಿದೆ.

ಈಗ ನನಗಿರುವುದು ಆಲೆಮನೆ ಒಂದು, ಗದ್ದೆ ಎರಡು ಎಕರೆ, ಹಸು ಮೂರು, ಮಗಳು ಒಬ್ಬಳು, ಅವಳ ಕಡೆಯಿಂದ ಗ್ರಹ ಒಂದು.