ದೀಪದ ಮಗ್ಗುಲಲ್ಲಿದ್ದ ರೋಲ್

ಎರಡು ವರ್ಷಗಳ ಹಿಂದಿನ ಮಳೆಗಾಲ. ಕಟ್ಟೆಮಳಲವಾಡಿಯ ನಮ್ಮ ದೊಡ್ಡವ್ವನ ಮನೆಯಲ್ಲಿ ಕೊನೆಯ ಸಲ ಬ್ಯಾರನ್‌ಗೆ ಹೊಗೆಸೊಪ್ಪು ಏರಿಸುತ್ತಿದ್ದರು. ಬ್ಯಾರನ್ ಎಂದರೆ ಸೊಪ್ಪನ್ನು ತೂಗುಹಾಕಿ ಬಿಸಿಯಲ್ಲಿ ಬೇಯಿಸುವ ಎತ್ತರದ ಮಣ್ಣಿನ ಕೋಣೆ. ಆ ಸೊಪ್ಪು ಬೆಂದು ಇಳಿದ ಕೂಡಲೇ ಬ್ಯಾರನ್ ಕೆಡವಿ, ಮುಂದೆ ಶುಂಠಿ ಹಾಕುವುದೆಂದು ತೀರ್ಮಾನವಾಗಿತ್ತು.

"ಕೆಡವೋಕ್ ಮುಂಚೆ ಅದ್ರೊಳಗೆ ನಾನು ನಿಂತಿರೋದು ಒಂದು ಫೋಟೋ ತಗಿಯವ್ವ. ಆ ಗ್ವಾಡೆಗೆ ಮಣ್ಣು ಒತ್ತವಳು ನಾನೇಯ" ಎಂದಳು ದೊಡ್ಡವ್ವ. "ಆದ್ರೆ ಫ್ಲಾಸು ಬ್ಯಾಡ ಕಣೆ. ಆಪ್ರೇಸನ್ ಆದ್ಮೇಲೆ ಕಣ್ಣು ತಡೆಯಾಕಿಲ್ಲ."

ನನ್ನದು ಹಳೆಯ ಫಿಲ್ಮ್ ಕ್ಯಾಮೆರಾ. ಕಪ್ಪು ಬಿಳುಪು ರೋಲ್ ಹಾಕಿ ತೆಗೆದು, ನಾನೇ ತೊಳೆಯುತ್ತೇನೆ. ಬ್ಯಾರನ್‌ಗೆ ಕಿಟಕಿಯಿಲ್ಲ, ಹಗಲಲ್ಲೂ ಕತ್ತಲೆ. ಅಂಥ ಕಡೆ ಒಂದು ದಾರಿಯಿದೆ. ಬೆಳಕಿನ ಸೂಕ್ಷ್ಮತೆ ನಾನೂರು ಇರುವ ರೋಲನ್ನು ಸಾವಿರದ ಆರುನೂರರದ್ದೆಂದು ಕ್ಯಾಮೆರಾದಲ್ಲಿ ಹೊಂದಿಸಿ, ಬೇಕಾದುದರ ಕಾಲು ಭಾಗ ಬೆಳಕಿನಲ್ಲೇ ಚಿತ್ರ ತೆಗೆಯಬಹುದು. ಆಮೇಲೆ ತೊಳೆಯುವಾಗ ಡೆವಲಪರ್ ದ್ರಾವಣದಲ್ಲಿ ಹೆಚ್ಚು ಹೊತ್ತು ಇಟ್ಟು ಆ ಕೊರತೆಯನ್ನು ತುಂಬಿಕೊಳ್ಳಬೇಕು. ಇದನ್ನು ಪುಶ್ ಮಾಡುವುದು ಎನ್ನುತ್ತಾರೆ. ವಿವರಿಸಿದಾಗ ದೊಡ್ಡವ್ವ ತಲೆಯಾಡಿಸಿದಳು. "ನಮ್ ಸೊಪ್ಪಿನಂಗೇಯ ಅನ್ನು. ಹಸಿ ಉಳಿದ್ರೆ ಇನ್ನೊಂದಿನ ಬೇಯಿಸ್ತೀವಲ್ಲ, ಅಂಗೆ."

ಬೆಳಿಗ್ಗೆಯೆಲ್ಲ ಅವಳ ಜೊತೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿದೆ. ಅದರ ಅಂಟು ಬೆರಳಿಗೆ ಕಪ್ಪಗೆ ಮೆತ್ತಿಕೊಂಡಿತು, ಎಷ್ಟು ಒರೆಸಿದರೂ ಹೋಗಲಿಲ್ಲ. ಅದೇ ಕೈಯಲ್ಲಿ ಹೊಸ ರೋಲ್ ಹಾಕಿ ಬ್ಯಾರನ್ ಒಳಗೆ ಹೋದೆ.

ಒಳಗೆ ನೀರಿನಡಿ ನಿಂತಂತೆ ಅನಿಸಿತು. ತಲೆಯ ಮೇಲೆ ಸಾಲುಸಾಲಾಗಿ ತೂಗುವ ಹಸಿರು, ಅದರ ನಡುವೆ ಸೂರಿನ ಕಂಡಿಯಿಂದ ಸೋಸಿ ಬರುವ ತೆಳು ಬೆಳಕು. ಯಾರ ದನಿಯೂ ಗಟ್ಟಿಯಾಗಿ ಕೇಳುತ್ತಿರಲಿಲ್ಲ, ಎಲೆಗಳೇ ಅದನ್ನು ಹೀರಿಕೊಳ್ಳುತ್ತಿದ್ದವು. ಬಾಗಿಲ ಪಕ್ಕ ಗೋಡೆಗೆ ಅಂಗೈ ಒತ್ತಿ ದೊಡ್ಡವ್ವ ನಿಂತಳು. ಮೇಲಿನ ಅಟ್ಟಣೆಯಲ್ಲಿ ಕಡ್ಡಿ ಜೋಡಿಸುತ್ತಿದ್ದ ಪಕ್ಕದ ಮನೆಯ ಸ್ವಾಮಣ್ಣ, "ಏನ್ ದೊಡ್ಡವ್ವ, ಮದ್ವೆ ಎಣ್ಣಿನಂಗೆ ನಿಂತಿದ್ದೀಯಲ್ಲ!" ಎಂದು ಕೂಗಿದ. "ನೆಟ್ಟಗೆ ಕಡ್ಡಿ ಇಡ್ಕಳ್ಲಾ, ಬಿದ್ದೀಯೆ!" ಎಂದು ಅವಳು ನಕ್ಕಳು. ಆ ನಗು ನನ್ನ ಮೊದಲನೇ ಫ್ರೇಮ್. ಆಮೇಲೆ ಕ್ಯಾಮೆರಾ ಕಂಡು ಬಿಗಿಯಾಗಿ ನಿಂತುಬಿಟ್ಟಳು.

ರೋಲನ್ನು ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಸ್ಕೆಚ್ ಪೆನ್ನಿನಲ್ಲಿ ೧೬೦೦ ಎಂದು ಬರೆದೆ. ನನ್ನ ಬಳಿ ಅದೇ ಜಾತಿಯ ಇನ್ನೊಂದು ರೋಲ್ ಇತ್ತು. ಕೆ.ಆರ್. ನಗರದ ಗೆಳತಿಯ ಮಗುವಿನ ನಾಮಕರಣ, ಬಿಸಿಲಿನಲ್ಲಿ ಮಾಮೂಲಿಯಾಗಿ ತೆಗೆದದ್ದು. ಎರಡನ್ನೂ ಜಗಲಿಯ ಮೇಲಿಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಎರಡೂ ನಡುಮನೆಯ ಗೂಡಿನಲ್ಲಿ ಫಳಫಳ ಹೊಳೆಯುತ್ತಿದ್ದವು. "ಅಂಟಾಗಿತ್ತು ಕಣೆ, ಕೊಬ್ರಿ ಎಣ್ಣೆ ಆಕಿ ಒರೆಸ್ದೆ" ಎಂದಳು ದೊಡ್ಡವ್ವ. ಅಂಟಿನ ಜೊತೆ ನನ್ನ ಗುರುತೂ ಹೋಗಿತ್ತು, ಯಾವುದು ಬ್ಯಾರನ್‌ದು ಯಾವುದು ನಾಮಕರಣದ್ದು ತಿಳಿಯುವಂತಿರಲಿಲ್ಲ. ನಾನು ಗೂಡಿಗೆ ಬಗ್ಗಿ ಮುಚ್ಚಳಗಳನ್ನೇ ನೋಡುತ್ತಿರುವುದು ಕಂಡು, "ಯಾಕವ್ವ, ಏನಾಯ್ತು?" ಎಂದು ಕೇಳಿದಳು.

"ಏನಿಲ್ಲ ದೊಡ್ಡವ್ವ" ಎಂದು ಎರಡನ್ನೂ ಬ್ಯಾಗಿಗೆ ಹಾಕಿಕೊಂಡೆ.

ಕೆಲಸದ ನಡುವೆ ತೊಳೆಯಲು ಪುರುಸೊತ್ತು ಸಿಕ್ಕಿದ್ದು ಎರಡು ವಾರದ ಮೇಲೆ, ಹುಣಸೂರಿನ ನನ್ನ ಬಾಡಿಗೆ ಕೋಣೆಯಲ್ಲಿ. ಅಷ್ಟರಲ್ಲಿ ಊರಲ್ಲಿ ಬ್ಯಾರನ್ ಕೆಡವಿ ಆಗಿತ್ತು, ಮತ್ತೆ ತೆಗೆಯುವ ಮಾತೇ ಇರಲಿಲ್ಲ. ಎರಡನ್ನೂ ಹೆಚ್ಚು ಹೊತ್ತು ಇಟ್ಟರೆ ಮಗುವಿನ ಮುಖ ಸುಣ್ಣ ಬಳಿದಂತಾಗುತ್ತದೆ. ಇಡದಿದ್ದರೆ ದೊಡ್ಡವ್ವ ಕತ್ತಲಲ್ಲೇ ಉಳಿಯುತ್ತಾಳೆ. ಹಿಂದೆ ಊರಲ್ಲಿ ಸ್ಟುಡಿಯೋ ನಡೆಸುತ್ತಿದ್ದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. "ಒಂದು ರೋಲಿನ ತುದೀನ ಕತ್ಲಲ್ಲಿ ಒಂದು ಗೇಣು ಕತ್ತರಿಸಿ, ಮಾಮೂಲಿ ಹೊತ್ತು ತೊಳೀರಿ ಮೇಡಂ. ಚಿತ್ರ ತೆಳ್ಳಗೆ, ಮಸುಕಾಗಿ ಬಂದ್ರೆ ಅದೇ ಬ್ಯಾರನ್‌ದು. ಮೊದಲಿಂದು ಒಂದೆರಡು ಫ್ರೇಮ್ ಹೋಗ್ತವೆ, ಮನಸ್ಸು ಗಟ್ಟಿ ಮಾಡ್ಕಳಿ" ಎಂದರು.

ಬಚ್ಚಲುಮನೆಯ ಕತ್ತಲಲ್ಲಿ ಕೈಗೆ ಸಿಕ್ಕ ಒಂದನ್ನು ಕತ್ತರಿಸಿದೆ. ತೊಳೆದು ಬೆಳಕಿಗೆ ಹಿಡಿದಾಗ ತುಂಡಿನ ಚಿತ್ರ ತೆಳ್ಳಗಿತ್ತು. ನೆಗೆಟಿವ್ ಆದ್ದರಿಂದ ಬಾಗಿಲಿನ ಬೆಳಕಿದ್ದ ಜಾಗದಲ್ಲಿ ಒಂದು ಕಪ್ಪು ಚೌಕ, ಅದರ ಪಕ್ಕ ಇದೆಯೋ ಇಲ್ಲವೋ ಎಂಬಂತೆ ಒಂದು ಆಕಾರ. ನಾನು ಕತ್ತರಿಸಿದ್ದು ಆ ನಗುವನ್ನೇ.

ಉಳಿದ ರೋಲನ್ನು ಪುಶ್ ಮಾಡಿದೆ. ಚಿತ್ರಗಳು ಕಾಳುಕಾಳಾಗಿದ್ದರೂ ಚೆನ್ನಾಗಿ ಬಂದವು. ಊರಿಗೆ ಒಯ್ದ ಪ್ರಿಂಟುಗಳನ್ನು ಒಂದೊಂದಾಗಿ ನೋಡಿದ ದೊಡ್ಡವ್ವ ಕೊನೆಗೆ ಕೇಳಿದಳು, "ಎಲ್ಲದ್ರಲ್ಲೂ ಗುಮ್ಮಂಗೆ ನಿಂತಿವ್ನಿ. ನಾನು ನಕ್ಕಿದ್ದೆಲ್ಲಿ?"

ಆಗ ಎಲ್ಲವನ್ನೂ ಹೇಳಿದೆ. ಗುರುತು, ಎಣ್ಣೆ, ಕತ್ತರಿ.

"ಅಯ್ಯೋ ನನ್ನ ಕೇಳಾದಲ್ವ? ಅಂಟು ಇದ್ದುದ್ದು ಒಂದೇಯ. ಅದ್ನ ದೀಪದ ಮಗ್ಗುಲಿಗೆ ಮಡಗಿದ್ದೆ. ಇನ್ನೊಂದ್ನ ಬಾಚಣಿಗೆ ತಾವ."

ಸೊಪ್ಪಿನ ಅಂಟು ಹತ್ತಿದ್ದು ಬ್ಯಾರನ್ ರೋಲಿಗೇ. ಅವಳು ಕೇಳಿದ್ದಳು. ಏನಿಲ್ಲ ಎಂದವಳು ನಾನು.

ಕತ್ತರಿಸಿದ ತುಂಡನ್ನು ಕೈಗೆ ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಒಲೆ ಒಗೆ ಇದ್ದಂಗಿವ್ನಿ ನಾನು. ಇರ್ಲಿ ಬುಡು, ನಕ್ಕಿರೋದು ನಂಗೊತ್ತಲ್ಲ" ಎಂದು ಅದನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಳು.

ಬ್ಯಾರನ್ ಇದ್ದ ಜಾಗದಲ್ಲಿ ಈಗ ಶುಂಠಿಯ ಪಾತಿಗಳಿವೆ. ಈಗ ನಾನು ಗುರುತನ್ನು ಮೊಳೆಯಿಂದ ಗೀರುತ್ತೇನೆ, ಎಣ್ಣೆ ಹಾಕಿ ಒರೆಸಿದರೂ ಅದು ಹೋಗುವುದಿಲ್ಲ. ಯಾರಾದರೂ ಏನಾಯ್ತು ಎಂದು ಕೇಳಿದರೆ ಇವತ್ತಿಗೂ ನನ್ನ ಬಾಯಿಗೆ ಮೊದಲು ಬರುವುದು ‘ಏನಿಲ್ಲ’ ಎಂದೇ. ಆಗ ಆ ಗೂಡು ಕಣ್ಣಿಗೆ ಬರುತ್ತದೆ, ದೀಪದ ಮಗ್ಗುಲಿಗೆ ಒಂದು, ಬಾಚಣಿಗೆಯ ಬಳಿ ಒಂದು. ಆ ಮಾತನ್ನು ತಡೆದು, ಆದದ್ದನ್ನು ಹೇಳುತ್ತೇನೆ.